ಬಸವಳಿದ ಕಡಲ ಮೀನಿಗೆ ಮದ್ದೋ, ಕತ್ತಲೋ?

ಮನೆಯ ಉಪ್ಪುನೀರಿನ ಅಕ್ವೇರಿಯಂ ಮೀನನ್ನು ಎರಡಡಿ ಟ್ಯಾಂಕಿನಿಂದ ನಾಲ್ಕಡಿ ಟ್ಯಾಂಕಿಗೆ ಸಾಗಿಸಿದ್ದು, ಮರಳು ಪೂರ್ತಿ ತೊಳೆದಿದ್ದು, ಕಲ್ಲಿನ ಜೋಡಣೆ ಬದಲಿಸಿದ್ದು, ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ತೆಗೆದು ಹಾಕಿದ್ದು. ಇವುಗಳಲ್ಲಿ ಯಾವುದೊಂದು ನಡೆದರೂ ಮರುದಿನ ಕ್ಲೌನ್ ಮೀನು ಮೂಲೆ ಹಿಡಿದು ನಿಲ್ಲುತ್ತದೆ, ಡ್ಯಾಮ್ಸೆಲ್ ಬಣ್ಣ ಮಂಕಾಗುತ್ತದೆ, ಟ್ಯಾಂಗ್ ಕಲ್ಲಿನ ಸಂದಿ ಬಿಟ್ಟು ಹೊರಗೇ ಬರುವುದಿಲ್ಲ. ಆಗ ಕೈಗೆ ಸಿಕ್ಕ ಮದ್ದಿನ ಬಾಟಲಿ ಸುರಿಯುವವರೇ ಹೆಚ್ಚು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಟ್ಯಾಂಕುಗಳಲ್ಲಿ ಒಂದು ಉಪಾಯದ ಪಕ್ಕ ಇನ್ನೊಂದನ್ನಿಟ್ಟು ಮಾಡಿ ನೋಡಿದ ಮೇಲೆ ನಾವು ಗಟ್ಟಿಯಾಗಿ ಹೇಳುವುದು ಇಷ್ಟು: ಮೀನನ್ನು ಎಬ್ಬಿಸುವುದು ಹೊಂದಿಕೆಯಾದ ಉಪ್ಪು, ಧಾರಾಳ ಗಾಳಿ ಮತ್ತು ಕತ್ತಲು. ಬಾಟಲಿಯ ಸರದಿ ಅದಾದ ಮೇಲೆ ಬರುತ್ತದೆ, ಬಹಳ ಸಲ ಬರುವುದೂ ಇಲ್ಲ.

ಏನನ್ನಾದರೂ ಮಾಡುವ ಮೊದಲು ಕಿವಿರನ್ನು ಎಣಿಸಿ. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟುಕೊಂಡು, ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚಿತು ಎಂದು ನೋಡಿ ಎರಡರಿಂದ ಗುಣಿಸಿ. ಇಂತಿಷ್ಟೇ ಇರಬೇಕೆಂಬ ಲೆಕ್ಕ ಎಲ್ಲ ಮೀನಿಗೂ ಹೊಂದುವುದಿಲ್ಲ. ಆದ್ದರಿಂದ ಮೀನು ಚೆನ್ನಾಗಿದ್ದ ದಿನವೇ ಎಣಿಸಿ ಟ್ಯಾಂಕಿನ ಪಕ್ಕ ಬರೆದಿಡುವುದು ಒಳ್ಳೆಯದು. ಅಡಗಿ ಕೂತಿದೆ, ಆದರೆ ಉಸಿರು ಹಳೆಯ ಲೆಕ್ಕದಲ್ಲೇ ಇದೆ ಎಂದಾದರೆ ಅದಕ್ಕೆ ಗಾಬರಿ ಮಾತ್ರ, ಮುಟ್ಟಬೇಡಿ. ಉಸಿರು ಒಂದೂವರೆ ಪಟ್ಟಾಗಿದ್ದರೆ, ಬಾಯಿ ಮೇಲ್ಮೈಗೆ ತಂದು ನಿಂತಿದ್ದರೆ, ತೊಂದರೆ ನೀರಿನಲ್ಲಿದೆ ಅಥವಾ ಕಿವಿರಿನಲ್ಲಿದೆ. ಮುಂದಿನ ಹೋಲಿಕೆಯೆಲ್ಲ ಈ ಎರಡನೆಯ ಗುಂಪಿನ ಮೀನಿಗೇ.

ಎಲ್ಲಿ ಇಡುವುದು?

ದಾರಿ ಮೂರು. ಅದೇ ಟ್ಯಾಂಕಿನಲ್ಲಿ ದೀಪ ಆರಿಸಿ ಬಿಡುವುದು, ಅದೇ ಟ್ಯಾಂಕಿನೊಳಗೆ ತೂತಿನ ಪೆಟ್ಟಿಗೆಯಲ್ಲಿ ಇಡುವುದು, ಬೇರೆ ಟ್ಯಾಂಕಿಗೆ ಎತ್ತುವುದು.

ದೀಪ ಆರಿಸಿ ಬಿಡುವುದನ್ನು ಜನ ಹಗುರವಾಗಿ ಕಾಣುತ್ತಾರೆ. ಆದರೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾ ಸೊನ್ನೆಯಿದ್ದು, ಉಪ್ಪು ಸರಿಯಿದ್ದು, ಕಾಡುವ ಜತೆಮೀನು ಇಲ್ಲದಿದ್ದರೆ ಇದಕ್ಕಿಂತ ಉತ್ತಮ ದಾರಿ ಇಲ್ಲ. ಮೀನು ಹಿಡಿಯುವುದೇ ದೊಡ್ಡ ಪೆಟ್ಟು. ಬಲೆಗೆ ಮೈಯ ಲೋಳೆ ಉಜ್ಜಿಹೋಗುತ್ತದೆ, ಟ್ಯಾಂಗಿನ ಬಾಲದ ಬುಡದ ಮುಳ್ಳು ಬಲೆಯ ಎಳೆಗೆ ಸಿಕ್ಕಿಕೊಂಡು ಬಿಡಿಸಲು ಹೋದವರ ಕೈಯನ್ನೂ ಸೀಳುತ್ತದೆ. 24 ಗಂಟೆ ಪೂರ್ತಿ ಕತ್ತಲು, ಮುಂಗಾಜಿಗೆ ಹಳೆಯ ಪತ್ರಿಕೆ ಅಂಟಿಸಿ, ಎರಡನೆಯ ದಿನ ಕೋಣೆಯ ಬೆಳಕು ಮಾತ್ರ. ಹವಳ ಇರುವ ಟ್ಯಾಂಕಾದರೂ ಎರಡು ದಿನದ ಕತ್ತಲಿಗೆ ಹೆದರಬೇಕಿಲ್ಲ.

ತೂತಿನ ಪೆಟ್ಟಿಗೆ ಒಂದೇ ತೊಂದರೆಗೆ ಮದ್ದು: ಬೇರೆ ಮೀನುಗಳ ಕಾಟ. ಅಂಗಡಿಯ ಅಕ್ರಿಲಿಕ್ ಪೆಟ್ಟಿಗೆ ಸಿಗದಿದ್ದರೆ ತರಕಾರಿಯ ಪ್ಲಾಸ್ಟಿಕ್ ಬುಟ್ಟಿ ಎರಡನ್ನು ಬಾಯಿಗೆ ಬಾಯಿ ಇಟ್ಟು ಕೇಬಲ್ ಟೈ ಹಾಕಿದರೆ ಸಾಕು. ಒಳಗೆ ಎರಡಿಂಚಿನ ಪಿವಿಸಿ ಎಲ್ಬೋ ಒಂದು ಇಡಿ, ಮೀನಿಗೆ ಮೈ ಮರೆಸಿಕೊಳ್ಳಲು ಜಾಗವಾಗುತ್ತದೆ. ಬುಟ್ಟಿಯನ್ನು ಪಂಪಿನ ಹರಿವು ತಾಗುವ ಕಡೆ ಕಟ್ಟಿ. ಮೂಲೆಗೆ ಕಟ್ಟಿದರೆ ಒಳಗಿನ ನೀರು ನಿಂತು ಉಸಿರು ಇನ್ನೂ ಜೋರಾಗುತ್ತದೆ. ನೀರೇ ಕೆಟ್ಟಿದ್ದರೆ ಬುಟ್ಟಿಯಿಂದ ಏನೂ ಪ್ರಯೋಜನವಿಲ್ಲ, ಒಳಗೂ ಹೊರಗೂ ಅದೇ ನೀರು.

ಬೇರೆ ಟ್ಯಾಂಕು ಎಂದರೆ ಸಣ್ಣ ಮೀನಿಗೆ 40 ರಿಂದ 60 ಲೀಟರ್, ಮರಳಿಲ್ಲದ ಬರಿ ಗಾಜು, ಒಂದು ಸ್ಪಾಂಜ್ ಫಿಲ್ಟರ್, ಗಾಳಿಗುಳ್ಳೆ ಬಿಡುವ ಒಂದು ಏರ್ ಸ್ಟೋನ್, ಎರಡು ಪಿವಿಸಿ ತುಂಡು, ಮೇಲೊಂದು ಮುಚ್ಚಳ. ಗಾಬರಿಯಾದ ಮೀನು ಹಾರುತ್ತದೆ, ಮುಚ್ಚಳ ಮರೆಯಬೇಡಿ. ಈ ದಾರಿ ಸೋಲುವುದು ಯಾವಾಗಲೂ ಒಂದೇ ಕಡೆ, ಸ್ಪಾಂಜಿನಲ್ಲಿ. ಅಂಗಡಿಯಿಂದ ತಂದ ಹೊಸ ಸ್ಪಾಂಜನ್ನು ಹಾಗೇ ಹಾಕಿದರೆ ಎರಡು ಮೂರು ದಿನದೊಳಗೆ ಅಮೋನಿಯಾ ಏರಿ, ಮೊದಲಿಗಿಂತ ಕೆಟ್ಟ ನೀರಿನಲ್ಲಿ ಮೀನು ಕೂರುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಸಲೆಂದು ಮೂರು ನಾಲ್ಕು ವಾರ ಮೊದಲೇ ಒಂದು ಸ್ಪಾಂಜನ್ನು ದೊಡ್ಡ ಟ್ಯಾಂಕಿನ ಸಂಪಿನಲ್ಲಿ, ಎಂದರೆ ಅದರ ಫಿಲ್ಟರ್ ತೊಟ್ಟಿಯಲ್ಲಿ, ಬಿಟ್ಟಿರಬೇಕು. ಅದು ಇಲ್ಲದಿದ್ದರೆ ದಿನಕ್ಕೆ ಕಾಲು ಭಾಗ ನೀರು ಬದಲಿಸುವ ತಯಾರಿ ಇಟ್ಟುಕೊಂಡೇ ಮೀನನ್ನು ಎತ್ತಿ. ಎತ್ತುವಾಗ ಬಲೆ ಬೇಡ. ಒಬ್ಬರು ಅಡ್ಡ ಹಲಗೆ ಹಿಡಿದು ನಿಧಾನಕ್ಕೆ ಮೂಲೆಗೆ ತಂದರೆ ಇನ್ನೊಬ್ಬರು ಅಗಲ ಬಾಯಿಯ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಬಹುದು.

ನಮ್ಮ ತೀರ್ಮಾನ: ನೀರಿನ ಅಳತೆ ಸರಿಯಿದ್ದರೆ ಕತ್ತಲು, ಕಾಟವಿದ್ದರೆ ಬುಟ್ಟಿ, ಅಮೋನಿಯಾ ಅಥವಾ ರೋಗದ ಗುಮಾನಿ ಇದ್ದರೆ ಮಾತ್ರ ಬೇರೆ ಟ್ಯಾಂಕು.

ಮೀನನ್ನು ನೀರಿಗೆ ಹೊಂದಿಸುವುದೋ, ನೀರನ್ನು ಮೀನಿಗೋ?

ಹೆಚ್ಚು ಮೀನು ಸಾಯುವುದು ಇಲ್ಲಿ, ಹೆಚ್ಚು ತಪ್ಪು ಮಾತು ಓಡಾಡುವುದೂ ಇಲ್ಲೇ. ಹನಿ ಹನಿಯಾಗಿ ನೀರು ಬಿಟ್ಟು ಹೊಂದಿಸುವ ಕ್ರಮವನ್ನು ಎಲ್ಲರೂ ಹೇಳುತ್ತಾರೆ: ಬಕೆಟ್ಟಿನಲ್ಲಿ ಮೀನು, ಗಂಟು ಹಾಕಿದ ಗಾಳಿಕೊಳವೆಯಲ್ಲಿ ಸೆಕೆಂಡಿಗೆ ಎರಡರಿಂದ ನಾಲ್ಕು ಹನಿ, ನೀರು ಎರಡು ಮೂರು ಪಟ್ಟಾಗುವವರೆಗೆ. ಮನೆಯೊಳಗೆ ಟ್ಯಾಂಕಿನಿಂದ ಟ್ಯಾಂಕಿಗೆ ಸಾಗಿಸುವಾಗ, ಉಪ್ಪಿನ ವ್ಯತ್ಯಾಸ ತೀರಾ ಸಣ್ಣದಿದ್ದಾಗ, ಬಕೆಟ್ಟಿನಲ್ಲಿ ಏರ್ ಸ್ಟೋನ್ ಇದ್ದಾಗ ಇದು ನಡೆಯುತ್ತದೆ. ಆದರೆ ಮುಂಬೈನಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿಗೆ ಹಾಕಿಸಿದ ಚೀಲದ ಮೀನಿಗೆ ಇದು ವಿಷವಾಗುತ್ತದೆ. ಕಾರಣ ಸರಳ. ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಇಳಿಸಿರುತ್ತದೆ. ಪಿಎಚ್ 6.8ರ ಹತ್ತಿರವಿದ್ದರೆ ಸೇರಿಕೊಂಡ ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಅರ್ಧ ಪಾಲೂ ಇರುವುದಿಲ್ಲ. ಚೀಲ ಬಿಚ್ಚಿ 8.2ರ ನೀರು ಹನಿಸಿ ಗಾಳಿ ಬಿಟ್ಟಂತೆ ಪಿಎಚ್ ಏರುತ್ತದೆ; ನಮ್ಮ ಕರಾವಳಿಯ ಬೆಚ್ಚಗಿನ ನೀರಿನಲ್ಲಿ ಆ ಪಾಲು ನೂರಕ್ಕೆ ಏಳರ ಆಸುಪಾಸು ಹೋಗುತ್ತದೆ. ಅದೇ ಬಕೆಟ್ಟು, ಅದೇ ಅಮೋನಿಯಾ, ಒಂದು ಗಂಟೆಯಲ್ಲಿ ಹತ್ತು ಪಟ್ಟು ಮೀರಿ ಕಟುವಾಗುತ್ತದೆ.

ಇದರ ಎದುರು ನಿಲ್ಲುವ ಕ್ರಮವೆಂದರೆ ನೀರನ್ನೇ ಮೀನಿಗೆ ಹೊಂದಿಸುವುದು. ಚೀಲವನ್ನು ಕಟ್ಟಿದಂತೆಯೇ 20 ನಿಮಿಷ ತೇಲಿಬಿಟ್ಟು ಶಾಖ ಸಮ ಮಾಡಿ. ಬಿಚ್ಚಿದ ಕೂಡಲೇ ಚೀಲದ ನೀರಿನ ಒಂದೆರಡು ಹನಿಯನ್ನು ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಬೇರೆ ಟ್ಯಾಂಕಿನ ನೀರನ್ನು ಸಿಹಿನೀರು ಬೆರೆಸಿ ಅದೇ ಅಳತೆಗೆ ತಂದು, ಮೀನನ್ನು ಮಾತ್ರ ಒಳಗೆ ಬಿಡಿ. ಚೀಲದ ನೀರು ಮೋರಿಗೆ. ಎಷ್ಟು ಉಪ್ಪಿನಲ್ಲಿ ಕಳಿಸುತ್ತಾರೆಂದು ಮೊದಲೇ ಕೇಳಿಟ್ಟುಕೊಂಡರೆ ಈ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ.

ಉಪ್ಪು ಇಳಿಸುವುದನ್ನು ಮೀನು ತಾಳಿಕೊಳ್ಳುತ್ತದೆ, ಒಮ್ಮೆಗೇ ಏರಿಸುವುದನ್ನು ತಾಳುವುದಿಲ್ಲ. ಏರಿದ ಉಪ್ಪು ಮೈಯ ನೀರನ್ನು ಹೊರಗೆಳೆಯುತ್ತದೆ, ಅದರ ಫಲ ಕಾಣುವುದು ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಕಾರಣ ಯಾವುದೆಂದು ಮನೆಯವರಿಗೆ ಮರೆತೇ ಹೋಗಿರುತ್ತದೆ. ರಿಫ್ರ್ಯಾಕ್ಟೋಮೀಟರ್ ತೋರಿಸುವ ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗೆ ಅದು 1.000) ದಿನಕ್ಕೆ 0.001, ಹೆಚ್ಚೆಂದರೆ 0.002 ಏರಿಸಿ. 40 ಲೀಟರಿಗೆ 0.001 ಏರಲು ಸುಮಾರು 55 ರಿಂದ 60 ಗ್ರಾಂ ಅಕ್ವೇರಿಯಂನ ಕಡಲ ಉಪ್ಪಿನ ಪುಡಿ ಬೇಕು. ಅದನ್ನು ಟ್ಯಾಂಕಿನದೇ ಒಂದು ಚೊಂಬು ನೀರಿನಲ್ಲಿ ಪೂರ್ತಿ ಕರಗಿಸಿ, ಮೂರು ನಾಲ್ಕು ಸಲಕ್ಕೆ ಹಂಚಿ ಹಾಕಿ. ಅಡುಗೆಯ ಅಯೋಡಿನ್ ಉಪ್ಪಾಗಲಿ, ಸಾಣಿಕಟ್ಟೆಯ ಹರಳುಪ್ಪಾಗಲಿ ಇದಕ್ಕೆ ಬಾರದು. ಗದ್ದೆಯಲ್ಲಿ ಹರಳುಗಟ್ಟುವಾಗ ಸಮುದ್ರದ ಉಳಿದ ಲವಣಗಳು ಬಹುಪಾಲು ಹಿಂದೆ ಉಳಿದಿರುತ್ತವೆ.

ಪುಕ್ಕಟೆ ಸಿಗುವ ಸಮುದ್ರದ ನೀರು ಒಳ್ಳೆಯದೋ, ಪುಡಿ ಕಲಸಿದ ನೀರೋ ಎಂಬುದಕ್ಕೆ ಉತ್ತರ ಹೇಳುವುದು ಪಂಚಾಂಗ. ಡಿಸೆಂಬರಿನಿಂದ ಮೇವರೆಗೆ, ಭರತದ ಹೊತ್ತಿನಲ್ಲಿ, ಅಳಿವೆಯಿಂದ ದೂರ ತೆಗೆದ ನೀರು ಚೆನ್ನಾಗಿರುತ್ತದೆ. ಕಾರವಾರದಲ್ಲಿ ಕೋಡಿಬಾಗ, ದೇವಬಾಗ ಎರಡೂ ಕಾಳಿ ನದಿಯ ಬಾಯಲ್ಲೇ ಇವೆ. ಬೈತಖೋಲದ ಬಂದರಿನಲ್ಲಿ ಡೀಸೆಲ್ ಪೊರೆ ತೇಲುತ್ತಿರುತ್ತದೆ. ಅಂಕೋಲಾದವರಿಗೆ ಗಂಗಾವಳಿ, ಕುಮಟಾದವರಿಗೆ ಅಘನಾಶಿನಿ, ಹೊನ್ನಾವರದವರಿಗೆ ಶರಾವತಿ, ಇದೇ ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾನು ಹಿಡಿದು ಸಮುದ್ರಕ್ಕೆ ಹೋಗಲೇಬೇಡಿ. ಅಳಿವೆ ಹತ್ತಿರದ ನೀರು ಆಗ 1.015 ಕೂಡ ತೋರಿಸದೆ ಇರಬಹುದು, ಕೆಸರು ಬೇರೆ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಎರಡು ವಾರ ಕತ್ತಲಲ್ಲಿಟ್ಟು, ತಳದ ನಾಲ್ಕು ಬೆರಳು ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಬೇಕು. ಎಂದರೆ ಬಸವಳಿದ ಮೀನಿಗೆ ಇವತ್ತೇ ಬೇಕಾದ ನೀರು ಇದಾಗಲಾರದು. ಪುಡಿಯಾದರೆ ಲೀಟರಿಗೆ 36 ಗ್ರಾಂ, 24 ಗಂಟೆ ಪಂಪ್ ತಿರುಗಿಸಿದರೆ ನಾಳೆಗೆ ಸಿದ್ಧ. ಕಲಸುವ ಬಾವಿನೀರನ್ನೂ ಅಳೆಯಿರಿ. ದಂಡೆ ಹತ್ತಿರದ ಬಾವಿ ಏಪ್ರಿಲ್ ಹೊತ್ತಿಗೆ ತಾನೇ ಉಪ್ಪಾಗಿರಬಹುದು. ತುರ್ತಿಗೆ ಪುಡಿಯೇ ಮೇಲು.

ಅಮೋನಿಯಾ ಇಳಿಸಲು ಯಾವುದು?

ಅಮೋನಿಯಾ ಅಳೆಯುವ ಕಿಟ್ಟಿನಲ್ಲಿ 0.5 ಪಿಪಿಎಂ ಕಂಡರೆ ಶಾಖ, ಉಪ್ಪು ಎರಡೂ ಹೊಂದಿದ ನೀರಿನಲ್ಲಿ ಮೂರನೇ ಒಂದು ಭಾಗ ಬದಲಿಸಿ, ಮರುದಿನ ಮತ್ತೆ ನೋಡಿ. ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ನೀರು ಹದ ಮಾಡುವ ದ್ರವ ಸೀಚೆಮ್ ಪ್ರೈಮ್ 200 ಲೀಟರಿಗೆ 5 ಮಿಲಿ, ಎಂದರೆ 40 ಲೀಟರಿಗೆ 1 ಮಿಲಿ. ನಲ್ಲಿನೀರಿನ ಕ್ಲೋರಿನ್ ತೆಗೆಯಲು ನಂಬಬಹುದು. ಅಮೋನಿಯಾಕ್ಕೆ ಹಾಕಿದಾಗ ಮಾತ್ರ ಕಿಟ್ಟಿನ ಹಸಿರು ಬಣ್ಣ ಹಾಗೇ ಉಳಿಯುತ್ತದೆ, ಕೆಲಸವಾಯಿತೋ ಇಲ್ಲವೋ ಎಂದು ಆ ಕಿಟ್ಟಿನಲ್ಲಿ ಅಳೆದು ನೋಡಲಾಗದು. ಅದನ್ನು ನೀರು ಸಿದ್ಧವಾಗುವವರೆಗಿನ ಒಂದು ರಾತ್ರಿಗೆ ಇಟ್ಟುಕೊಳ್ಳಿ. ತಾಮ್ರದ ಮದ್ದು ಹಾಕಿದ ನೀರಿಗಂತೂ ಸೇರಿಸಲೇಬೇಡಿ, ಎರಡೂ ಸೇರಿದರೆ ತಾಮ್ರದ ವಿಷ ಹೆಚ್ಚುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಹಿಡಿಯಲು ದಿನಗಟ್ಟಲೆ ಬೇಕು, ಬಿಸಿಲಲ್ಲಿ ಪಾರ್ಸೆಲ್ ಬಂದದ್ದಾದರೆ ಜೀವವೇ ಉಳಿದಿರದೆ ಇರಬಹುದು. ಅಮೋನಿಯಾ ಹೀರುವ ಬಿಳಿಕಲ್ಲು ಜಿಯೋಲೈಟ್ ಸಿಹಿನೀರಿಗೆ ಸರಿ. ಉಪ್ಪುನೀರಿನ ಸೋಡಿಯಂ ಆ ಜಾಗವನ್ನೆಲ್ಲ ಮೊದಲೇ ಹಿಡಿದುಬಿಡುವುದರಿಂದ ಇಲ್ಲಿ ಅದು ಬರಿ ಕಲ್ಲು. ಮೆಥಿಲೀನ್ ಬ್ಲೂ ಎಂಬ ನೀಲಿ ಮದ್ದು ಸ್ಪಾಂಜಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ, ಬಕೆಟ್ಟಿನ ಸ್ನಾನಕ್ಕೆ ಬಿಟ್ಟು ಬೇರೆಲ್ಲೂ ಬೇಡ.

ಗಾಳಿ ಮತ್ತು ಶಾಖ

ಸಿಹಿನೀರಿನಲ್ಲಿ 25 ಡಿಗ್ರಿಗೆ ಲೀಟರಿಗೆ 8 ಮಿಲಿಗ್ರಾಂ ಮೀರಿ ಆಮ್ಲಜನಕ ಕರಗಿದರೆ, ಸಮುದ್ರದ ನೀರಿನಲ್ಲಿ 7ನ್ನೂ ಮುಟ್ಟುವುದಿಲ್ಲ. 30 ಡಿಗ್ರಿಗೆ 6ರ ಹತ್ತಿರ ಬರುತ್ತದೆ. ಮೇಲ್ಮೈ ಕಡೆ ಮುಖ ಮಾಡಿದ ಪಂಪ್ ಗಾಳಿ ಬೆರೆಸುವುದರಲ್ಲಿ ಏರ್ ಸ್ಟೋನಿಗಿಂತ ಮುಂದು, ಆದರೆ ಆ ಹರಿವನ್ನು ಎದುರಿಸಿ ಈಜುವ ಶಕ್ತಿ ಬಸವಳಿದ ಮೀನಿಗೆ ಇರುವುದಿಲ್ಲ. ಸಣ್ಣ ಟ್ಯಾಂಕಿಗೆ ಏರ್ ಸ್ಟೋನ್ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗುವುದನ್ನು ನೆನಪಿಟ್ಟು ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಂಡು, ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಹಿಂದಕ್ಕೆ ಹರಿದು ನೆಲಕ್ಕೆ ಬರುತ್ತದೆ.

ಮೇಲ್ಮೈಗೆ ಫ್ಯಾನ್ ಬೀಸಿ ತಂಪು ಮಾಡುವ ಉಪಾಯ ಶಿರಸಿಯ ಒಣ ಮಾರ್ಚಿನಲ್ಲಿ ನಡೆಯುತ್ತದೆ. ಕಾರವಾರದ ಮೇ ತಿಂಗಳಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ನೀರು ಅಷ್ಟಾಗಿ ಆರುವುದಿಲ್ಲ, ಶಾಖವೂ ಅಷ್ಟಾಗಿ ಇಳಿಯುವುದಿಲ್ಲ. ಐಸ್ ಬಾಟಲಿ ಗಂಟೆಗೆ ಎರಡು ಡಿಗ್ರಿ ಇಳಿಸಿ ಮತ್ತೆ ಏರಲು ಬಿಡುತ್ತದೆ, ಅದಕ್ಕಿಂತ 30 ಡಿಗ್ರಿಯಲ್ಲೇ ಸ್ಥಿರವಾಗಿರುವುದು ವಾಸಿ. ಶಿರಸಿಯ ಚಳಿಗಾಲಕ್ಕೆ ಲೆಕ್ಕ ತಿರುಗುತ್ತದೆ, 60 ಲೀಟರಿಗೆ 100 ವಾಟಿನ ಹೀಟರ್ ಬೇಕೇ ಬೇಕು.

ಊಟ

ಮೊದಲ ದಿನ ಏನೂ ಬೇಡ. ಎರಡನೆಯ ದಿನ ಸಂಜೆ ಪೆಲೆಟ್, ಮೈಸಿಸ್ ಎಂಬ ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿ, ತಾಜಾ ತಿಸರೆ (ಚಿಪ್ಪುಮೀನು) ಮೂರನ್ನೂ ಇಟ್ಟು ನೋಡಿದರೆ ತಿಸರೆಯೇ ಗೆಲ್ಲುತ್ತದೆ. ಮೀನುಪೇಟೆಯಲ್ಲಿ ಬಾಯಿ ಬಿಗಿದಿರುವ ತಿಸರೆ ಆರಿಸಿ, ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಕತ್ತಿಯ ತುದಿಯಿಂದ ಬಾಯಿ ಬಿಡಿಸಿ, ಮಾಂಸವನ್ನು ತೆಗೆಯದೆ ಅರ್ಧ ಚಿಪ್ಪನ್ನೇ ಪಿವಿಸಿ ತುಂಡಿನ ಬಾಯಿಯ ಎದುರು ಇಳಿಸಿ, ಹಿಂದೆ ಸರಿದು ನಿಲ್ಲಿ. ಮೊದಲು ಮೂತಿ ಮಾತ್ರ ಹೊರಬರುತ್ತದೆ. ಚಿಪ್ಪಿನ ಅಂಚಿನಲ್ಲಿ ಅಲುಗಾಡುವ ತೆಳು ಪೊರೆಯನ್ನು ಒಮ್ಮೆ ಕಚ್ಚಿ, ಉಗುಳಿ, ಒಳಗೆ ಹೋಗುತ್ತದೆ. ಮತ್ತೆ ಬಂದು ನುಂಗಿತೆಂದರೆ ಗಂಡಾಂತರ ಬಹುಪಾಲು ಕಳೆದಂತೆ. ಅರ್ಧ ಗಂಟೆಗೆ ಉಳಿದದ್ದನ್ನು ತೆಗೆದುಬಿಡಿ, ಈ ಶಾಖದಲ್ಲಿ ತಿಸರೆ ಬೇಗ ಹಳಸುತ್ತದೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಪೆಲೆಟ್ ವಾಸನೆಗೆ ಮೀನನ್ನು ಎಳೆಯಬಹುದು, ರೋಗ ವಾಸಿ ಮಾಡುತ್ತದೆಂದು ನಂಬಿ ಕೂರಬೇಡಿ.

ತಿಂದ ಮೇಲೂ ಎರಡು ವಾರ ಮೈಮೇಲೆ ಕಣ್ಣಿರಲಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದು ಮಾಯವಾಗಿ ಮತ್ತೆ ಎದ್ದರೆ ಅದು ಐಕ್ ಎಂಬ ಪರೋಪಜೀವಿಯ ರೋಗ. ಚುಕ್ಕೆ ಉದುರಿದ್ದು ಗುಣವಾಗಿ ಅಲ್ಲ, ಆ ಜೀವಿ ತಳಕ್ಕಿಳಿದು ಮರಿ ಮಾಡುತ್ತಿದೆ. ಧೂಳು ಹಚ್ಚಿದಂತೆ ಮೈ, ಜೋರು ಉಸಿರು, ಬೆಳಕಿಗೆ ಮುಖ ತಿರುಗಿಸುವುದು, ಪಂಪಿನ ಹರಿವಿನೊಳಗೇ ತಲೆಯಿಟ್ಟು ನಿಲ್ಲುವುದು ಕಂಡರೆ ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ ರೋಗವೆಂದು ತಿಳಿದು ಅಂದೇ ತಾಮ್ರದ ಮದ್ದು ಶುರು ಮಾಡಬೇಕು, ತಾಮ್ರದ ಟೆಸ್ಟ್ ಕಿಟ್ ಕೈಯಲ್ಲಿಟ್ಟುಕೊಂಡೇ.

ಯಾವುದೂ ಕಾಣದಿದ್ದರೆ ವಾಪಸ್ ದೊಡ್ಡ ಟ್ಯಾಂಕಿಗೆ. ಎರಡೂ ಕಡೆ ಉಪ್ಪು ಒಂದೇ ಆದ ದಿನ, ದೀಪ ಆರಿದ ಮೇಲೆ, ಉಳಿದ ಮೀನುಗಳಿಗೆ ಟ್ಯಾಂಕಿನ ಆ ತುದಿಯಲ್ಲಿ ಹೊಟ್ಟೆ ತುಂಬ ಹಾಕಿ, ಇದನ್ನು ಈ ತುದಿಯಲ್ಲಿ ಡಬ್ಬಿ ಓರೆ ಮಾಡಿ ಬಿಡಿ. ಮರುದಿನ ಮಧ್ಯಾಹ್ನದವರೆಗೆ ದೀಪ ಹಾಕಬೇಡಿ.