‘ನ್ಯೂ ಇಯರ್ಸ್ ಈವ್’: ಪೋಸ್ಟರ್ ನೋಡಿ ಮೋಸ ಹೋಗಬೇಡಿ

ಡಿಸೆಂಬರ್ ಕೊನೆಯ ವಾರ ಹಗುರವಾದ ಪ್ರೇಮಕಥೆ ಬೇಕೆಂದು ಹುಡುಕುವವರ ಕಣ್ಣಿಗೆ ಈ ಪೋಸ್ಟರ್ ಬೀಳುತ್ತದೆ. ರಾಬರ್ಟ್ ಡಿ ನೀರೊ, ಮಿಷೆಲ್ ಫೈಫರ್, ಹ್ಯಾಲಿ ಬೆರಿ, ಹಿಲರಿ ಸ್ವಾಂಕ್, ಆಷ್ಟನ್ ಕುಚರ್, ಜಾನ್ ಬಾನ್ ಜೋವಿ, ಇನ್ನೂ ಒಂದು ಹಿಂಡು. ಗ್ಯಾರಿ ಮಾರ್ಷಲ್ ನಿರ್ದೇಶನದ 2011ರ ಚಿತ್ರ, ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ನಡೆಯುವ ಹಲವು ಕಥೆಗಳ ಗೊಂಚಲು. ಪ್ಲೇ ಒತ್ತುವ ಮೊದಲು ಒಂದು ಲೆಕ್ಕ ಹಾಕಿ: ಅವಧಿ 118 ನಿಮಿಷ, ಕಥೆಗಳು ಸುಮಾರು ಎಂಟು. ಒಂದೊಂದರ ಪಾಲಿಗೆ ಹದಿನೈದು ನಿಮಿಷವೂ ಬರುವುದಿಲ್ಲ. ಎಲೆ ತುಂಬ ಬಡಿಸಿದ್ದಾರೆ, ಕಲಸಿಕೊಳ್ಳುವಷ್ಟು ಅನ್ನ ಯಾವುದರಲ್ಲೂ ಇಲ್ಲ.

ಡಿ ನೀರೊ ಇದ್ದಾರಲ್ಲ ಎಂದು ಕೂತರೆ ಕೆಟ್ಟಿರಿ. ಅವರು ಆಸ್ಪತ್ರೆಯಲ್ಲಿ ಕೊನೆಯ ಗಳಿಗೆ ಎಣಿಸುವ ರೋಗಿ. ಚಿತ್ರದ ಬಹುಪಾಲು ಹಾಸಿಗೆ ಬಿಟ್ಟು ಏಳುವುದಿಲ್ಲ.

ಎಲ್ಲಿ ಕೆಡುತ್ತದೆ ಎನ್ನುವುದಕ್ಕೆ ಲಿಫ್ಟಿನ ಕಥೆ ನೋಡಿ. ಹೊಸ ವರ್ಷವೆಂದರೆ ಮೈ ಉರಿಯುವ ಕುಚರ್, ಹಿನ್ನೆಲೆ ಗಾಯಕಿ ಲಿಯಾ ಮಿಷೆಲ್, ಇಬ್ಬರೂ ಒಂದೇ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದೇ ಸೂರಿನಡಿ ಇದ್ದೂ ಪರಿಚಯವಿಲ್ಲದ ಮಹಾನಗರದ ಒಂಟಿತನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಆದರೆ ಮಾತು ಸ್ವಲ್ಪ ಕುದುರಿತು ಅನ್ನುವಷ್ಟರಲ್ಲಿ ಕತ್ತರಿ. ನಾವು ಇನ್ನೆಲ್ಲಿಗೋ ಹೋಗಿರುತ್ತೇವೆ. ಮರಳಿ ಬಂದಾಗ ಅವರು ಆಗಲೇ ಹತ್ತಿರವಾಗಿದ್ದಾರೆ. ಹೇಗೆ ಹತ್ತಿರವಾದರು ಎನ್ನುವುದೇ ಪ್ರೇಮಕಥೆಯ ತಿರುಳು. ಅದು ಕತ್ತರಿಗೆ ಹೋಗಿದೆ. ಮುತ್ತಿಡುವ ಹೊತ್ತಿಗೆ ಸರಿಯಾಗಿ ಲಿಫ್ಟ್ ರಿಪೇರಿಯಾಗುತ್ತದೆ, ಬಿಡಿ.

ಇದಕ್ಕಿಂತ ದೊಡ್ಡ ಮೋಸ ಜಾಷ್ ಡುಹಾಮೆಲ್ ಕಥೆಯದು. ಹಿಂದಿನ ವರ್ಷ ಇದೇ ರಾತ್ರಿ ಸಿಕ್ಕಿದ್ದ ಹೆಂಗಸನ್ನು ಮತ್ತೆ ಕಾಣಲು ನ್ಯೂಯಾರ್ಕಿಗೆ ಧಾವಿಸುತ್ತಾನೆ. ಆಕೆ ಯಾರೆಂಬುದನ್ನು ಚಿತ್ರ ಕೊನೆಯವರೆಗೂ ಬಚ್ಚಿಡುತ್ತದೆ. ಬಚ್ಚಿಡಬೇಕಾದ್ದರಿಂದ ಇಬ್ಬರನ್ನೂ ಒಟ್ಟಿಗೆ ತೋರಿಸುವಂತಿಲ್ಲ, ಆಕೆ ಅವನಿಗಾಗಿ ಹಂಬಲಿಸಿದ್ದನ್ನು ತೋರಿಸಿದರೂ ಗುಟ್ಟು ರಟ್ಟು. ಕೊನೆಯಲ್ಲಿ ಸಿಗುವುದು ಒಗಟಿನ ಉತ್ತರ ಮಾತ್ರ. ಪ್ರೀತಿಯನ್ನು ನಾವೇ ಊಹಿಸಿಕೊಳ್ಳಬೇಕು.

ಹೊಸ ವರ್ಷದ ಸ್ವಾಗತಕ್ಕೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕಂಬದ ಮೇಲಿಂದ ಬೆಳಕಿನ ಚೆಂಡು ಇಳಿಸುವ ಪದ್ಧತಿ 1907ರದು. ರಾತ್ರಿ 11:59ಕ್ಕೆ ಹೊರಟು ಅರವತ್ತು ಸೆಕೆಂಡಿನಲ್ಲಿ ಕೆಳಗೆ. ಚಿತ್ರದಲ್ಲಿ ಆ ಚೆಂಡು ನಡುವೆ ಕೆಟ್ಟು ನಿಲ್ಲುತ್ತದೆ, ಉಸ್ತುವಾರಿಯ ಸ್ವಾಂಕ್ ಮೈಕ್ ಹಿಡಿದು ಕ್ಷಮೆ, ಮರು ಅವಕಾಶ ಎಂದು ಭಾಷಣ ಮಾಡುತ್ತಾರೆ. ದೃಶ್ಯಗಳು ಹೇಳಬೇಕಿದ್ದನ್ನೆಲ್ಲ ಅಲ್ಲಿ ಸಾರಾಂಶವಾಗಿ ಓದಿ ಹೇಳಿದಂತಿದೆ.

ಈಗಾಗಲೇ ಶುರು ಮಾಡಿಬಿಟ್ಟಿದ್ದರೆ ಫೈಫರ್ ಮತ್ತು ಜಾಕ್ ಎಫ್ರಾನ್ ಇರುವ ಭಾಗಗಳಲ್ಲಿ ನಿಲ್ಲಿಸಿ, ಉಳಿದದ್ದನ್ನು ಓಡಿಸಿ. ಕೆಲಸ ಬಿಟ್ಟ ಅಂಜುಬುರುಕ ನಡುವಯಸ್ಕಳ ಆಸೆಗಳ ಪಟ್ಟಿಯನ್ನು ಬೈಕ್ ಕೊರಿಯರ್ ಹುಡುಗ ಮಧ್ಯರಾತ್ರಿಯೊಳಗೆ ತೀರಿಸಬೇಕು. ಕೂಲಿ, ಪಾರ್ಟಿಯ ಟಿಕೆಟ್. ಇಬ್ಬರಿಗೂ ಮಾಡಲು ಕೆಲಸವಿದೆ, ಹಾಗಾಗಿ ಇಬ್ಬರೂ ಬದಲಾಗುವುದು ಕಾಣುತ್ತದೆ. ಫೈಫರ್ ಮುಖದ ಮೇಲಿನ ಅಳುಕು ನಿಜಕ್ಕೂ ಚೆನ್ನಾಗಿದೆ.

ಗಳಿಕೆ ನೋಡಿ ನಂಬಬೇಡಿ. ವಿಮರ್ಶಕರು ಕಿತ್ತೆಸೆದರೂ ಜಗತ್ತಿನಾದ್ಯಂತ 14 ಕೋಟಿ ಡಾಲರ್ ದಾಟಿತ್ತು. ಇದೇ ನಿರ್ದೇಶಕರ ‘ವ್ಯಾಲೆಂಟೈನ್ಸ್ ಡೇ’ (2010), ‘ಮದರ್ಸ್ ಡೇ’ (2016) ಕೂಡ ಇದೇ ಅಚ್ಚಿನವು. ಊರು ಮಾತ್ರ ಬೇರೆ: ಒಂದರಲ್ಲಿ ಲಾಸ್ ಏಂಜಲೀಸ್, ಇನ್ನೊಂದರಲ್ಲಿ ಅಟ್ಲಾಂಟಾ.