ಬೇವಿನ ಎಣ್ಣೆ ಒಳ್ಳೆಯದೇ, ಲೇಬಲ್‌ನಲ್ಲಿ ಸೋಪಿನ ಮಾತೇ ಇಲ್ಲ

ಕಿಟಕಿ ಪಕ್ಕದ ಕುಂಡದಲ್ಲಿದ್ದ ದಾಸವಾಳದ ಗಿಣ್ಣುಗಳಲ್ಲಿ ಬಿಳಿ ಹತ್ತಿಯಂಥದ್ದು ಕಂಡಾಗ ಧೂಳು ಅಂದುಕೊಂಡೆ. ಬೆರಳಲ್ಲಿ ಒರೆಸಿದರೆ ಅಂಟು. ಕೆಳಗಿನ ಎಲೆಗಳ ಮೇಲೂ ಸಕ್ಕರೆ ಪಾಕ ಚಿಮುಕಿಸಿದ ಹಾಗೆ ಹೊಳಪು, ಜೊತೆಗೆ ಇರುವೆ ಸಾಲು. ಹಿಟ್ಟು ತಿಗಣೆ, ಗಿಡದ ರಸ ಹೀರಿ ಸಿಹಿ ಅಂಟು ಬಿಡುವ ಹುಳು! ಆಗ ತರಿಸಿದ್ದು ಈ 100 ಮಿ.ಲೀ. ಬೇವಿನ ಎಣ್ಣೆ. ಎರಡು ತಿಂಗಳು ಬಳಸಿ ನೋಡಿ ಬರೆಯುತ್ತಿದ್ದೇನೆ.

ಎಣ್ಣೆಯ ಬಗ್ಗೆ ದೂರಿಲ್ಲ. ಬಿಸಿ ಮಾಡದೆ ಹಿಂಡಿದ ಕಚ್ಚಾ ಎಣ್ಣೆ, ಕಂದು ಬಣ್ಣ, ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ಘಾಟು. ಶುದ್ಧೀಕರಿಸಿ ಅಜಾಡಿರಾಕ್ಟಿನ್ ಅನ್ನುವ, ಬೇವಿನಲ್ಲಿರುವ ಹುಳುನಾಶಕ ಅಂಶವನ್ನು ತೆಗೆದುಹಾಕಿದ ಎಣ್ಣೆಗಳೂ ಸಿಗುತ್ತವೆ, ಅವು ಹುಳುವಿನ ಮೈಗೆ ಮೆತ್ತಿ ಉಸಿರುಗಟ್ಟಿಸುತ್ತವೆ ಅಷ್ಟೇ. ಕಚ್ಚಾ ಎಣ್ಣೆಯಲ್ಲಿ ಆ ಅಂಶ ಉಳಿದಿರುತ್ತದೆ. ಮರಿಗಳು ಪೊರೆ ಕಳಚಿ ಬೆಳೆಯುವುದನ್ನೇ ಅದು ಕೆಡಿಸುತ್ತದೆ.

ನನಗೆ ಬೇಜಾರಾಗಿದ್ದು ಲೇಬಲ್ ನೋಡಿ. ‘ನೀರಿಗೆ ಬೆರೆಸಿ ಸಿಂಪಡಿಸಿ’ ಅಂತ ಮಾತ್ರ ಇದೆ. ಹಾಗೇ ಮಾಡಿದೆ. ಎಣ್ಣೆ ಎಲ್ಲಾದರೂ ಬರೀ ನೀರಿಗೆ ಬೆರೆಯುತ್ತದೆಯೇ? ಮೇಲೆ ತೇಲಿತು. ಸ್ಪ್ರೇ ಬಾಟಲಿಯಿಂದ ಮೊದಲು ಬಂದದ್ದು ನೀರು, ಕೊನೆಗೆ ಬಂದದ್ದು ಹಸಿ ಎಣ್ಣೆ. ಆ ಕೊನೆಯ ಎಣ್ಣೆ ಬಿದ್ದ ಮೂರು ಚಿಗುರೆಲೆಗಳು ಮರುದಿನದ ಬಿಸಿಲಿಗೆ ಅಂಚಿನಿಂದ ಸುಟ್ಟು ಸುರುಟಿಕೊಂಡವು. ಸೋಪು ಹಾಕಿ ಅನ್ನುವ ಒಂದು ಸಾಲು ಇದ್ದಿದ್ದರೆ ಅವು ಉಳಿಯುತ್ತಿದ್ದವು.

ಈಗ ನಾನು ಮಾಡುವುದು ಹೀಗೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಅರ್ಧ ಚಮಚಕ್ಕಿಂತ ಕಡಿಮೆ ಮೆದುವಾದ ದ್ರವ ಸೋಪು, ಆಮೇಲೆ 5 ಮಿ.ಲೀ. ಎಣ್ಣೆ. ಚೆನ್ನಾಗಿ ಕುಲುಕಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಆಗ ಸರಿ ಬಂತು ಅಂತ. ಖಾರವಾದ ಡಿಟರ್ಜೆಂಟ್ ಬೇಡವೇ ಬೇಡ, ಎಲೆಯ ಮೇಣದ ಪದರ ಹೋಗಿಬಿಡುತ್ತದೆ. ಒಂದು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಬಿಸಿಲು ಇಳಿದ ಮೇಲೆ, ಎಲೆಯ ಅಡಿಗೆ, ಗಿಣ್ಣಿನ ಸಂದಿಗೆ ತಾಗುವ ಹಾಗೆ ಸಿಂಪಡಿಸಿ. ಕಲಸಿದ್ದನ್ನು ನಾಳೆಗೆ ಇಡಬೇಡಿ, ಅಷ್ಟರಲ್ಲಿ ಕಸುವು ಹೋಗಿರುತ್ತದೆ.

ಮೊದಲ ವಾರ ಏನೂ ಬದಲಾವಣೆ ಕಾಣಲಿಲ್ಲ. ಹತ್ತಿಯಂಥ ಗೂಡಿನೊಳಗಿನ ಮೊಟ್ಟೆಗೆ ಎಣ್ಣೆ ತಲುಪುವುದಿಲ್ಲ, ಒಡೆದು ಹೊರಬಂದ ಮರಿಗಳಿಗೆ ಮತ್ತೆ ಮತ್ತೆ ಹೊಡೆಯಬೇಕು. ಹಾಗಾಗಿ ಕಣ್ಣಿಗೆ ಕಂಡ ಗೂಡುಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ತೆಗೆದೆ, 7 ದಿನಕ್ಕೊಮ್ಮೆ ನಾಲ್ಕು ಸಲ ಸಿಂಪಡಿಸಿದೆ. ಮೂರನೆಯ ಸಲಕ್ಕೆ ಇರುವೆ ಬರುವುದು ನಿಂತಿತು. ಐದನೆಯ ವಾರದಲ್ಲಿ ತುದಿಯಲ್ಲಿ ಎರಡು ಮೊಗ್ಗು!

ಬಾಟಲಿ ಮೇಲೆ ‘ಗಿಡದ ಎಲ್ಲ ಸಮಸ್ಯೆಗೂ’ ಎಂದೂ ಬರೆದಿದ್ದಾರೆ. ಅದನ್ನು ನಂಬಬೇಡಿ. ನಮ್ಮಕ್ಕ ಮನಿ ಪ್ಲಾಂಟ್ ಎಲೆ ಹಳದಿಯಾಗುತ್ತಿದೆ, ಇದನ್ನೇ ಹೊಡೆಯಲಾ ಅಂತ ಕೇಳಿದಳು. ಕುಂಡ ಬೋರಲು ಹಾಕಿ ನೋಡಿದರೆ ಮಣ್ಣು ಕೆಸರು, ಬೇರು ಕಂದಾಗಿ ಮುಟ್ಟಿದರೆ ಕಿತ್ತು ಬರುತ್ತಿತ್ತು. ಅದಕ್ಕೆ ಬೇಕಿದ್ದದ್ದು ಕೊಳೆತ ಬೇರು ಕತ್ತರಿಸುವುದು, ನೀರು ಬಸಿಯುವ ಹೊಸ ಮಣ್ಣು, ಮತ್ತೆ ಬೆರಳು ಎರಡು ಇಂಚು ಇಳಿಸಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು. ಮೊಟ್ಟೆ ಚಿಪ್ಪಿನ ಪುಡಿಯನ್ನೂ ಹಾಕಿದ್ದಳಂತೆ, ಅದು ಕರಗಲು ಬಹಳ ಕಾಲ ಬೇಕು, ಕೊಳೆಯುವ ಬೇರಿಗಂತೂ ಅದರಿಂದ ಏನೂ ಆಗುವುದಿಲ್ಲ. ಎಲೆ ಮೇಲೆ ಬೂದಿಯಂಥ ಪುಡಿ ಇರುವ ಸಕ್ಯುಲೆಂಟ್‌ಗಳಿಗೂ ಈ ಎಣ್ಣೆ ಬೇಡ, ಆ ಪುಡಿ ಅಳಿಸಿಹೋಗುತ್ತದೆ.

ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಇಟ್ಟರೆ ಸಾಕು. ಅಳತೆ ಮುಚ್ಚಳ ಕೊಟ್ಟಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಕಳೆದದ್ದು ಆ ಮೂರು ಚಿಗುರೆಲೆಗಳಿಗಾಗಿ.