ಫಿಟ್ಸ್‌ಗೆ ಎಂಆರ್‌ಐ ಮಾಡಿಸಲು ಘಟ್ಟ ಇಳಿಯುವ ಮೊದಲು ಇದನ್ನು ಓದಿ

ಮಡಿಕೇರಿ ಹತ್ತಿರದ ಹಳ್ಳಿಯ ಹುಡುಗನೊಬ್ಬನಿಗೆ ಪದೇ ಪದೇ ಫಿಟ್ಸ್. ಮನೆಯವರು ಸಂಪಾಜೆ ಘಟ್ಟ ಇಳಿದು ಒಂದು ಸೆಂಟರಿನಲ್ಲಿ ಮೆದುಳಿನ ಎಂಆರ್‌ಐ ಮಾಡಿಸಿದರು. ರಿಪೋರ್ಟ್ ನಾರ್ಮಲ್. ಮಾತ್ರೆ ಬದಲಾಯಿತು, ಡೋಸ್ ಏರಿತು, ಫಿಟ್ಸ್ ನಿಲ್ಲಲಿಲ್ಲ. ಕೊನೆಗೆ ನರರೋಗ ತಜ್ಞರು ಸಿ.ಡಿ. ಹಾಕಿ ನೋಡಿದರೆ, ನಾರ್ಮಲ್ ಎನ್ನಲು ಆ ಸ್ಕ್ಯಾನಿನಲ್ಲಿ ಆಧಾರವೇ ಇರಲಿಲ್ಲ.

ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೇನ್’ ಎಂದಿತ್ತು. ಹಾಗಾಗಿ ತಲೆನೋವಿಗೆ ಮಾಡುವ ಮಾಮೂಲಿ ಸ್ಕ್ಯಾನನ್ನೇ ಮಾಡಿದ್ದರು: 5 ಮಿ.ಮೀ. ದಪ್ಪದ ಸ್ಲೈಸ್ (ಮೆದುಳಿನ ಒಂದು ಪದರದ ಚಿತ್ರ), ನಡುವೆ 1.5 ಮಿ.ಮೀ. ಖಾಲಿ. ಫಿಟ್ಸ್‌ಗೆ ಕಾರಣವಾಗುವ ಕುಗ್ಗಿದ ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮೆದುಳಿನ ಒಳಭಾಗ), ಕಾರ್ಟೆಕ್ಸಿನ (ಮೆದುಳಿನ ಹೊರಪದರ) ಸಣ್ಣ ದೋಷ ಇಂಥದ್ದರಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ. ಅಪಸ್ಮಾರ ತಜ್ಞರ ಅಂತರರಾಷ್ಟ್ರೀಯ ಸಂಘಟನೆ ಐಎಲ್‌ಎಇ 2019ರಲ್ಲಿ ಶಿಫಾರಸು ಮಾಡಿದ ಹಾರ್ನೆಸ್ ಪ್ರೋಟೋಕಾಲಿಗೆ (ಫಿಟ್ಸ್‌ಗೆಂದೇ ಇರುವ ಸ್ಕ್ಯಾನ್ ಕ್ರಮ) ಬೇಕಾದದ್ದು ಮೂರು ಬಗೆಯ ಚಿತ್ರ: 1 ಮಿ.ಮೀ. ತ್ರೀಡಿ ಟಿ1, 1 ಮಿ.ಮೀ. ತ್ರೀಡಿ ಫ್ಲೇರ್, ಹಿಪೊಕ್ಯಾಂಪಸಿನ ಉದ್ದಕ್ಕೆ ಲಂಬವಾಗಿ ತೆಗೆದ 2 ಮಿ.ಮೀ. ಕೊರೋನಲ್ (ಕಿವಿಯಿಂದ ಕಿವಿಗೆ ಅಡ್ಡಲಾಗಿ ಕತ್ತರಿಸಿದಂತೆ ಕಾಣುವ) ಟಿ2.

ಕಾಯಿಲಿನ (ಸಿಗ್ನಲ್ ಹಿಡಿಯಲು ತಲೆಯ ಸುತ್ತ ಇಡುವ ಉಪಕರಣ) ದೋಷ ಇದಕ್ಕಿಂತ ಅಪಾಯ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ತಲೆಯ ಕಾಯಿಲಿನಲ್ಲಿ ಸುತ್ತಲೂ ಪುಟ್ಟ ಆಂಟೆನಾಗಳಿವೆ. ಒಂದೊಂದೂ ತನ್ನ ಹತ್ತಿರದ ಭಾಗದ ಸಿಗ್ನಲನ್ನೇ ಚೆನ್ನಾಗಿ ಹಿಡಿಯುತ್ತದೆ. ಮೇಲಿನ ಅರ್ಧ ಸರಿಯಾಗಿ ಲಾಕ್ ಆಗದಿದ್ದರೆ, ಒಂದು ಆಂಟೆನಾ ಕೆಟ್ಟಿದ್ದರೆ ಆ ಬದಿ ಕಪ್ಪಾಗಬೇಕು. ಆದರೆ ಚಿತ್ರ ತಿದ್ದುವ ಸಾಫ್ಟ್‌ವೇರಿನ ನಾರ್ಮಲೈಸ್ ಫಿಲ್ಟರ್ ಹೊಳಪನ್ನು ಸಮ ಮಾಡಿಬಿಡುತ್ತದೆ. ಮರಳು ಎರಚಿದಂಥ ನಾಯ್ಸ್ ಮಾತ್ರ ಉಳಿಯುತ್ತದೆ. ಹುಡುಗನ ಎಡ ಟೆಂಪೊರಲ್ ಭಾಗ (ಹಿಪೊಕ್ಯಾಂಪಸ್ ಇರುವ, ಕಿವಿಯ ಬದಿಯ ಮೆದುಳು) ಹೀಗೇ ಇತ್ತು. ಸಾಲದ್ದಕ್ಕೆ, ಬೇಗ ಮುಗಿಸಲು ಪ್ಯಾರಲಲ್ ಇಮೇಜಿಂಗನ್ನು (ಕಡಿಮೆ ಮಾಹಿತಿ ತೆಗೆದು ಉಳಿದದ್ದನ್ನು ಲೆಕ್ಕದಿಂದ ತುಂಬುವ ವಿಧಾನ) 3 ಪಟ್ಟಿಗೆ ಏರಿಸಿದ್ದರು. ಅದರಿಂದಲೇ ನಾಯ್ಸಿಗೆ ಹೋಲಿಸಿದ ಸಿಗ್ನಲ್ ಕನಿಷ್ಠ 1.7 ಪಟ್ಟು ಇಳಿಯುತ್ತದೆ. ಇದು ರೋಗಿಗೆ ಮಾಡಿದ ಅನ್ಯಾಯ. ಬೇರೆಡೆ ಮತ್ತೆ ಮಾಡಿಸಿದಾಗ ಎಡ ಹಿಪೊಕ್ಯಾಂಪಸ್ ಕುಗ್ಗಿದ್ದು ಸ್ಪಷ್ಟವಾಗಿ ಕಂಡಿತು.

ಚೀಟಿಯಲ್ಲಿ ‘ಎಪಿಲೆಪ್ಸಿ ಪ್ರೋಟೋಕಾಲ್’ ಎಂದು ವೈದ್ಯರಿಂದಲೇ ಬರೆಸಿ. ಫಿಟ್ಸ್ ಯಾವ ಬದಿಯಲ್ಲಿ ಶುರುವಾಗುತ್ತದೆ ಎಂಬುದನ್ನೂ. ತ್ರೀಡಿ ಫ್ಲೇರ್, ಕೊರೋನಲ್ ಟಿ2 ಮಾಡುತ್ತೀರಾ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ. ಕೋವಿ ಇರುವ ಮನೆಗಳ ಜಿಲ್ಲೆ ನಮ್ಮದು: ಹಳೇ ಬೇಟೆಯ ಚರೆ ಮೈಯಲ್ಲಿ ಉಳಿದಿದ್ದರೆ ಆಗಲೇ ಹೇಳಿ. ಸೀಸವನ್ನು ಕಾಂತ ಎಳೆಯದು, ಉಕ್ಕನ್ನು ಎಳೆಯುತ್ತದೆ.

ಫಿಲ್ಮ್ ಸಾಲದು, ಡೈಕಾಂ (ಸ್ಕ್ಯಾನಿನ ಮೂಲ ಫೈಲುಗಳ) ಸಿ.ಡಿ. ಪಡೆಯಿರಿ. ಫೈಲಿನ ವಿವರ ಇರುವ ಹೆಡರಿನಲ್ಲಿ 0018,0050 ಸ್ಲೈಸಿನ ದಪ್ಪ, 0018,1250 ಕಾಯಿಲಿನ ಹೆಸರು. ಅಲ್ಲಿ ‘ಬಾಡಿ’ ಎಂದಿದ್ದರೆ ತಲೆಯ ಕಾಯಿಲ್ ಬಳಸಿಲ್ಲ ಎಂದರ್ಥ, ಕಾರಣ ಕೇಳಿ. ರೋಗಿ ಟೇಬಲಿನಿಂದ ಇಳಿಯುವ ಮೊದಲು ಕೊರೋನಲ್ ಟಿ2 ಚಿತ್ರ ಅಲುಗಿ ಮಸುಕಾಗಿದೆಯೇ ನೋಡಲು ಟೆಕ್ನೀಷಿಯನ್‌ಗೆ ಹೇಳಿ. ಆಗಲೇ ಮತ್ತೆ ತೆಗೆಯಲು ಕೆಲವೇ ನಿಮಿಷ ಸಾಕು.